ಇನ್ನೊಬ್ಬರು ಬರೆದ ಔಷಧಿ

ಆ ಹುಡುಗನ ಕೈಯ ಕೀವು ಮತ್ತೊಮ್ಮೆ ನನ್ನ ಲ್ಯಾಬಿಗೆ ಬಂದ ಬೆಳಿಗ್ಗೆ ನನಗೆ ಮೊದಲು ಬಂದದ್ದು ಕನಿಕರವಲ್ಲ, ಸಿಟ್ಟು. ಹತ್ತಿ ಸುತ್ತಿದ ಕಡ್ಡಿಯನ್ನು ಗಾಯದ ಮೇಲೆ ಸುಮ್ಮನೆ ಒರೆಸಿ, ಕೊಳವೆಗೆ ತುರುಕಿ, ಕೆಳಗೆ ಕಳಿಸಿದ್ದರು. ಜೊತೆಗಿದ್ದ ಚೀಟಿಯಲ್ಲಿ ಈಗ ಕೊಡುತ್ತಿರುವ ಆಂಟಿಬಯಾಟಿಕ್ ಯಾವುದು ಎಂಬಲ್ಲಿ ಮೂರು ಹೆಸರುಗಳನ್ನು ಒತ್ತೊತ್ತಾಗಿ ಬರೆದಿದ್ದರು. ಜಾಗ ಸಾಲದೆ ಮೂರನೆಯದು ಅಂಚು ದಾಟಿ ಹೋಗಿತ್ತು. ಮೂರು ಔಷಧಿಗಳಲ್ಲಿ ನೆನೆದ ಗಾಯದ ಮೇಲ್ಮೈಯನ್ನು ಒರೆಸಿ ಕಳಿಸಿ, ಇದರಲ್ಲಿ ಏನು ಬೆಳೆಯುತ್ತದೆ ಹೇಳಿ ಎಂದರೆ ನಾನೇನು ಕಣಿ ಹೇಳುವವಳೇ?

ನಾನೂ ಡಾಕ್ಟರೇ, ಆದರೆ ಲ್ಯಾಬಿನವಳು. ನನ್ನ ಕೆಲಸ ಇಷ್ಟು. ರಕ್ತ, ಕೀವು, ಮೂತ್ರ, ಕಫ, ಏನೇ ಬರಲಿ, ಅದನ್ನು ತಟ್ಟೆಯ ಮೇಲೆ ಗೀಚಿ, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಯಾವ ರೋಗಾಣು ಬೆಳೆಯಿತು, ಅದು ಯಾವ ಔಷಧಿಗೆ ಸಾಯುತ್ತದೆ ಎಂದು ಮೇಲಿನ ಡಾಕ್ಟರುಗಳಿಗೆ ತಿಳಿಸುವುದು. ನಮ್ಮ ಆಸ್ಪತ್ರೆ ಇರುವುದು ಹೆಬ್ಬಗೋಡಿಯಲ್ಲಿ, ಹೊಸೂರು ರಸ್ತೆಗೆ ಮುಖ ಮಾಡಿ. ಮುಂಬಾಗಿಲಲ್ಲಿ ಗಾಜು, ಗ್ರಾನೈಟು, ಕಾಫಿ ಅಂಗಡಿ ಎಲ್ಲ ಇವೆ. ಲ್ಯಾಬ್ ಮಾತ್ರ ನೆಲಮಾಳಿಗೆಯಲ್ಲಿ, ಶವಾಗಾರದ ಪಕ್ಕದಲ್ಲಿದೆ. ಮೇಲಿನವರು ನಮ್ಮ ವರದಿ ಓದುವುದಕ್ಕಿಂತ ಪಕ್ಕದ ಶವಾಗಾರದವನು ನಮ್ಮನ್ನು ಮಾತಾಡಿಸುವುದೇ ಹೆಚ್ಚು.

ಹುಡುಗ ಕೊಪ್ಪಳದ ಕಡೆಯವನು. ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಲೋಹ ಕೊರೆಯುವ ಮಶೀನಿನ ಆಪರೇಟರ್. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಮಶೀನಿನೊಳಗೆ ಬಲಗೈ ಸಿಕ್ಕಿ ಅಂಗೈ ನಜ್ಜುಗುಜ್ಜಾಗಿತ್ತು. ನಮ್ಮ ಮೂಳೆ ಡಾಕ್ಟರು ಸರಳು ಹಾಕಿ, ನರ ಸೇರಿಸಿ, ಸ್ನಾಯು ಹೊಲಿದು ಆ ಕೈಯನ್ನು ಉಳಿಸಿದ್ದರು. ನಿಜ ಹೇಳಬೇಕೆಂದರೆ ಅದು ದೊಡ್ಡ ಕೆಲಸ. ಬೇರೆಯವರಾಗಿದ್ದರೆ ಅವತ್ತೇ ಕತ್ತರಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಆಪರೇಟರಿಗೆ ಬಲಗೈ ಎಂದರೆ ಅನ್ನದ ತಟ್ಟೆ. ಅದು ಉಳಿಯಿತು ಎಂದು ವಾರ್ಡಿನವರೆಲ್ಲ ಸಂತೋಷಪಟ್ಟರು. ಆಮೇಲೆ ಕೀವು ಶುರುವಾಯಿತು.

ಇಲ್ಲಿ ನಮ್ಮ ಆಸ್ಪತ್ರೆಯ ಒಂದು ಸಂಪ್ರದಾಯ ಹೇಳಬೇಕು. ಯಾವ ಪುಸ್ತಕದಲ್ಲೂ ಇದು ಬರೆದಿಲ್ಲ, ಆದರೆ ಕೆಲಸಕ್ಕೆ ಸೇರಿದ ವಾರದೊಳಗೆ ಎಲ್ಲರಿಗೂ ತಿಳಿದುಹೋಗುತ್ತದೆ. ಒಬ್ಬ ಡಾಕ್ಟರು ಬರೆದ ಔಷಧಿಯನ್ನು ಇನ್ನೊಬ್ಬ ಡಾಕ್ಟರು ಹೊಡೆದುಹಾಕುವಂತಿಲ್ಲ. ಸೇರಿಸಬಹುದು. ಎಷ್ಟು ಬೇಕಾದರೂ ಸೇರಿಸಬಹುದು. ತೆಗೆಯಬೇಕಾದರೆ ಬರೆದವರೇ ತೆಗೆಯಬೇಕು. ಬರೆದವರು ಊರಲ್ಲಿಲ್ಲದಿರಬಹುದು, ಬರೆದದ್ದೇ ಮರೆತಿರಬಹುದು, ಆದರೂ ಔಷಧಿ ಹರಿಯುತ್ತಲೇ ಇರುತ್ತದೆ. ಇದನ್ನು ನಾವು ಮರ್ಯಾದೆ ಎನ್ನುತ್ತೇವೆ.

ಹುಡುಗನಿಗೆ ಆದದ್ದೂ ಅದೇ. ಕೀವು ಕಂಡ ದಿನ ಮೂಳೆ ಡಾಕ್ಟರು ಮೆರೊಪೆನೆಮ್ ಬರೆದರು. ಅದು ದೊಡ್ಡ ಔಷಧಿ, ಬೇರೆ ದಾರಿಯಿಲ್ಲದಾಗ ಕೊಡಬೇಕಾದದ್ದು. ನಮ್ಮಲ್ಲಿ ಬಾಗಿಲು ದಾಟಿ ಒಳಗೆ ಬಂದವರಿಗೆಲ್ಲ ತೀರ್ಥದ ಹಾಗೆ ಸಿಗುತ್ತದೆ. ಜ್ವರ ಇಳಿಯಲಿಲ್ಲ. ಹುಡುಗನನ್ನು ಐಸಿಯುಗೆ ಸಾಗಿಸಿದರು. ಅಲ್ಲಿನ ಡಾಕ್ಟರ್, ಇನ್ನೂ ಚಿಕ್ಕ ವಯಸ್ಸಿನವನು, ತನ್ನ ಕಡೆಯಿಂದ ವ್ಯಾಂಕೊಮೈಸಿನ್ ಸೇರಿಸಿದ. ಜ್ವರ ಆಗಲೂ ಇಳಿಯಲಿಲ್ಲ. ಅಷ್ಟರಲ್ಲಿ ಮೊದಲ ಕಡ್ಡಿಯಲ್ಲಿ ನನ್ನ ತಟ್ಟೆಯ ಮೇಲೆ ಒಂದು ರೋಗಾಣು ಬೆಳೆಯಿತು. ಅದರ ಮುಖ ನೋಡಿದ ತಕ್ಷಣ ನನಗೆ ಗುರುತು ಸಿಕ್ಕಿತು. ಅದು ನಮ್ಮ ಐಸಿಯುನ ಖಾಯಂ ಬಾಡಿಗೆದಾರ. ಮಂಚದ ಕಂಬಿ, ನಲ್ಲಿ, ಕೈಗವಸು, ಎಲ್ಲಿ ಒರೆಸಿದರೂ ಸಿಗುತ್ತದೆ. ನಮ್ಮದೇ ಔಷಧಿಗಳನ್ನು ತಿಂದು ತಿಂದು ಮೈ ಬೆಳೆಸಿಕೊಂಡಿದೆ, ಕೊಲಿಸ್ಟಿನ್ ಎಂಬ ಒಂದೇ ಔಷಧಿಗೆ ಸ್ವಲ್ಪ ಹೆದರುತ್ತದೆ. ಹುಡುಗನ ಗಾಯದ ಮೇಲೆ ಬಂದು ಕೂತಿತ್ತು, ಅಷ್ಟೇ. ವರದಿಯ ಕೆಳಗೆ ನಾನು ಸ್ಪಷ್ಟವಾಗಿ ಬರೆದೆ: ಇದು ಗಾಯದ ಮೇಲೆ ಬಂದು ಕೂತದ್ದಷ್ಟೇ, ಒಳಗಿನ ಸೋಂಕಿಗೆ ಇದೇ ಕಾರಣವೆಂದು ತಿಳಿಯಬೇಡಿ, ಒಳಗಿನ ಮಾಂಸದ ಚೂರು ಕಳಿಸಿ. ಮಧ್ಯಾಹ್ನ ನೋಡಿದರೆ ಕೊಲಿಸ್ಟಿನ್ ಹತ್ತಿತ್ತು.

ಐಸಿಯುಗೆ ಫೋನ್ ಮಾಡಿದೆ.

"ಮೇಡಂ, ನೀವೇ ರಿಪೋರ್ಟ್ ಕೊಟ್ಟು ನೀವೇ ಬೇಡ ಅಂದ್ರೆ ಹೆಂಗೆ?" ಎಂದ ಐಸಿಯು ಡಾಕ್ಟರ್.

"ಕೆಳಗಡೆ ಎರಡು ಸಾಲು ಬರ್ದಿದೀನಲ್ಲಪ್ಪ, ಅದನ್ನ ಓದಿದ್ಯಾ?"

"ಓದಿದೆ ಮೇಡಂ. ಆದ್ರೂ ಕವರ್ ಇರ್ಲಿ ಅಂತ. ನಾಳೆ ಏನಾದ್ರೂ ಆದ್ರೆ ಕೊಲಿಸ್ಟಿನ್ ಯಾಕೆ ಕೊಡ್ಲಿಲ್ಲ ಅಂತ ನನ್ನನ್ನೇ ಕೇಳ್ತಾರೆ. ಯಾಕೆ ಕೊಟ್ಟೆ ಅಂತ ಯಾರೂ ಕೇಳಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ನನಗೆ ಹೊಟ್ಟೆ ಉರಿಸಿದ್ದು. ಕೊಲಿಸ್ಟಿನ್ ಮೂತ್ರಪಿಂಡವನ್ನು ಹಿಂಡುವ ಔಷಧಿ. ವ್ಯಾಂಕೊಮೈಸಿನ್ ಜೊತೆ ಸೇರಿದರೆ ಇನ್ನೂ ಕಷ್ಟ. ಕ್ರಿಯಾಟಿನಿನ್, ಅಂದರೆ ಮೂತ್ರಪಿಂಡ ಎಷ್ಟು ಸೋತಿದೆ ಎಂದು ತೋರಿಸುವ ರಕ್ತಪರೀಕ್ಷೆಯ ಅಂಕಿ, ಹತ್ತತೊಡಗಿತು. ಡೋಸ್ ಸ್ವಲ್ಪ ಇಳಿಸಿದರೇ ಹೊರತು ಯಾರೂ ನಿಲ್ಲಿಸಲಿಲ್ಲ. ಕೀವು ಬರುತ್ತಲೇ ಇತ್ತು. ಆಗ ಬಂದದ್ದು ಮೇಲೆ ಹೇಳಿದ ಆ ಎರಡನೆಯ ಕಡ್ಡಿ.

ಅದನ್ನು ತಟ್ಟೆಗೆ ಗೀಚದೆ ಹಾಗೇ ಮೇಜಿನ ಮೇಲಿಟ್ಟು ನಾನು ಮೇಲೆ ಹೋದೆ. ಲ್ಯಾಬಿನವರು ವಾರ್ಡಿಗೆ ಹೋಗುವುದು ನಮ್ಮಲ್ಲಿ ಅಪರೂಪ. ಅಷ್ಟರಲ್ಲಿ ಹುಡುಗನನ್ನು ಐಸಿಯುನಿಂದ ವಾರ್ಡಿಗೆ ತಂದಿದ್ದರು. ಮಂಚದ ಪಕ್ಕ ಅವನ ಹೆಂಡತಿ ಸ್ಟೂಲಿನ ಮೇಲೆ ಕೂತು ಜೋಳದ ರೊಟ್ಟಿ ಮುರಿದು, ಪಲ್ಯ ಹಚ್ಚಿ, ಅವನ ಎಡಗೈಗೆ ಕೊಡುತ್ತಿದ್ದಳು. ಅವನು ತಿನ್ನುತ್ತಿದ್ದ. ಬಿಪಿ ಸರಿಯಿತ್ತು, ಉಸಿರು ಸರಿಯಿತ್ತು, ಜ್ವರ ಸಂಜೆ ಸ್ವಲ್ಪ ಬಂದು ಹೋಗುತ್ತಿತ್ತು. ರಕ್ತಕ್ಕೆ ನಂಜೇರಿದವನು ಹೀಗೆ ರೊಟ್ಟಿ ಕೇಳಿ ತಿನ್ನುವುದಿಲ್ಲ. ಈ ಸೋಂಕು ನಿಧಾನದ್ದು ಎಂದು ನನಗೆ ಅಲ್ಲೇ ಅನ್ನಿಸಿತು.

"ಕೈ ಸಿಕ್ಕಾಗ ಕೈ ಮೇಲೆ ಏನಿತ್ತಪ್ಪ? ಗ್ರೀಸಾ, ಮಣ್ಣಾ?" ಎಂದು ಕೇಳಿದೆ.

"ಕೂಲೆಂಟ್ ಇತ್ರಿ ಮೇಡಮ್ಮಾರ," ಎಂದ. "ಮಶೀನ್ ಬಿಸಿ ಆಗಬಾರದಂತ ಸುರೀತಿರ್ತೈತಲ್ರಿ, ಹಾಲಿನಂಗ ಬೆಳ್ಳಗ, ಅದು. ಕೈತುಂಬ ಅದ ಇತ್ರಿ."

"ಹೊಸದಾ?"

ಹೆಂಡತಿ ನಡುವೆ ಬಂದಳು. "ಎಲ್ಲಿ ಹೊಸಾದ್ರಿ? ಇವ್ರ ಅಂಗಿ ಒಗದ್ರ ಮನಿಯೆಲ್ಲ ಕೊಳತ ವಾಸನಿ. ನಾ ದಿನಾ ಜಗಳಾಡತಿದ್ದೆ."

ಅಷ್ಟು ಸಾಕಾಯಿತು ನನಗೆ. ಹಳೆಯ ಕೂಲೆಂಟಿನಲ್ಲಿ ಕ್ಷಯದ ರೋಗಾಣುವಿನ ದಾಯಾದಿಗಳು ಬೆಳೆಯುತ್ತವೆ. ಅವು ಕ್ಷಯ ತರುವುದಿಲ್ಲ, ಆದರೆ ಗಾಯದೊಳಕ್ಕೆ ಹೊಕ್ಕರೆ ಸ್ನಾಯುವಿನ ಗುಂಟ, ಮೂಳೆಯ ಗುಂಟ ಮೆಲ್ಲಗೆ ತಿನ್ನುತ್ತಾ ಹೋಗುತ್ತವೆ. ಮಾಮೂಲಿ ತಟ್ಟೆಯಲ್ಲಿ ಮಾಮೂಲಿ ಎರಡು ದಿನಕ್ಕೆ ಕಾಣುವುದಿಲ್ಲ. ಈ ಮೂರು ದೊಡ್ಡ ಔಷಧಿಗಳಿಗೆ ಸಾಯುವುದೂ ಇಲ್ಲ, ಆದರೆ ಔಷಧಿಯ ನಡುವೆ ಮುದುಡಿ ಕೂತು ತಟ್ಟೆಯ ಮೇಲೆ ಮುಖ ತೋರಿಸದೆ ಇರಬಹುದು. ಇದಕ್ಕೆ ದಾರಿ ಒಂದೇ. ಎಲ್ಲಾ ಆಂಟಿಬಯಾಟಿಕ್ ನಿಲ್ಲಿಸಬೇಕು. ಕೆಲವು ದಿನ ಏನೂ ಕೊಡದೆ ಬಿಟ್ಟು, ಆಮೇಲೆ ಆಪರೇಷನ್ ಥಿಯೇಟರಿನಲ್ಲಿ ಒಳಗಿನ ಮಾಂಸದ ಚೂರು ತೆಗೆದು, ಅದನ್ನು ಬೆಳೆಸಬೇಕು. ಸೋಂಕಿರುವವನಿಗೆ ಔಷಧಿ ನಿಲ್ಲಿಸುವುದು ಕೇಳುವುದಕ್ಕೆ ಹುಚ್ಚುತನ. ಆದರೆ ಪುಸ್ತಕದ ವಿದ್ಯೆ ಇದೇ.

ಮೂಳೆ ಡಾಕ್ಟರನ್ನು ಥಿಯೇಟರಿನ ಹೊರಗೆ ಹಿಡಿದೆ. ಅವರು ನನಗಿಂತ ಹಿರಿಯರು, ಎಲ್ಲರನ್ನೂ ನಗಿಸುವವರು, ರೋಗಿಗಳಿಗೆ ದೇವರ ಸಮಾನ.

"ಮೇಡಂ, ನೀವು ಹೇಳೋದು ಸರಿನೇ ಇರ್ಬಹುದು. ನನ್ನ ಮೆರೊ ನಾನು ನಿಲ್ಲಿಸ್ತೀನಿ. ಆದ್ರೆ ಕೊಲಿಸ್ಟಿನ್ನು, ವ್ಯಾಂಕೊ ನನ್ನದಲ್ಲ. ಅವ್ರನ್ನ ಕೇಳಿ," ಎಂದರು.

ಐಸಿಯು ಡಾಕ್ಟರನ್ನು ಕೇಳಿದೆ. "ಸರ್ ಮೆರೊ ನಿಲ್ಲಿಸ್ಲಿ ಮೇಡಂ, ನಾನೂ ನಿಲ್ಲಿಸ್ತೀನಿ. ಅವ್ರ ಪೇಷೆಂಟು, ಅವ್ರಿಗಿಂತ ಮುಂಚೆ ನಾನು ನಿಲ್ಲಿಸಿದ್ರೆ ಚೆನ್ನಾಗಿರಲ್ಲ," ಎಂದ.

ಮತ್ತೆ ಮೂಳೆ ಡಾಕ್ಟರ ಹತ್ತಿರ ಹೋದೆ. "ಅವ್ನು ನಿಲ್ಲಿಸದೆ ನಾನು ನಿಲ್ಲಿಸಿದ್ರೆ ಏನು ಪ್ರಯೋಜನ ಹೇಳಿ?" ಎಂದರು. ಅದೂ ನಿಜವೇ. ಹೀಗೆ ಇವರಿಬ್ಬರ ನಡುವೆ ನಾನು ಚೆಂಡಿನ ಹಾಗೆ ಓಡಾಡುತ್ತಿದ್ದ ದಿನಗಳಲ್ಲೂ ಮೂರೂ ಬಾಟಲಿ ಹುಡುಗನ ಮೈಗೆ ಇಳಿಯುತ್ತಿದ್ದವು, ಕ್ರಿಯಾಟಿನಿನ್ ಏರುತ್ತಿತ್ತು. ನನಗೆ ತಲೆ ಕೆಟ್ಟಿತು. ಕೊನೆಗೆ ಮೂಳೆ ಡಾಕ್ಟರ ಮುಂದೆ ನಿಂತು, "ಹಾಗಾದ್ರೆ ನಾನೇ ಬರೆದು ನಿಲ್ಲಿಸ್ಲಾ?" ಎಂದೆ.

ಅವರು ನಕ್ಕರು. "ನಿಮ್ಮ ಹೆಸರಲ್ಲಿ ಬರೀತೀರಾ? ಬರೀರಿ. ನಾನು ಅಡ್ಡ ಬರಲ್ಲ. ಜವಾಬ್ದಾರಿನೂ ನಿಮ್ದೇ."

ವಾರ್ಡಿಗೆ ಹೋಗಿ ಔಷಧಿ ಹಾಳೆ ಕೇಳಿದೆ. ಮೂರು ಸಾಲುಗಳ ಮೇಲೂ ಗೆರೆ ಎಳೆದು, 'ಎಲ್ಲಾ ಆಂಟಿಬಯಾಟಿಕ್ ನಿಲ್ಲಿಸಿ' ಎಂದು ಬರೆದು ಸಹಿ ಹಾಕಿದೆ. ಹಿರಿಯ ಸಿಸ್ಟರ್ ನನ್ನ ಪೆನ್ನನ್ನೇ ನೋಡುತ್ತಿದ್ದರು.

"ಮೇಡಂ, ಲ್ಯಾಬಿನವ್ರು ವಾರ್ಡಲ್ಲಿ ಆರ್ಡರ್ ಬರೀಬಹುದಾ?"

"ಬರೀಬಾರ್ದು ಅಂತ ಎಲ್ಲಿದೆ ಸಿಸ್ಟರ್?"

"ಎಲ್ಲೂ ಇಲ್ಲ. ಇದುವರೆಗೆ ಯಾರೂ ಬರ್ದಿಲ್ಲ."

ಬಾಟಲಿ ತೂಗುಹಾಕುವ ಕಂಬವನ್ನು ಅವನ ಮಂಚದ ಪಕ್ಕದಿಂದ ತೆಗೆದರು. ಅದು ಇಷ್ಟು ದೊಡ್ಡ ವಿಷಯವಾಗುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ಆ ವಾರ್ಡಿನಲ್ಲಿ ಬಾಟಲಿ ಇಲ್ಲದ ಮಂಚ ಎಂದರೆ ಮನೆಗೆ ಹೋಗುವವನದು, ಇಲ್ಲವೇ ಕೈಬಿಟ್ಟವನದು. ಮರುದಿನ ಮೇಲೆ ಹೋದಾಗ ಹೆಂಡತಿ ನನ್ನನ್ನು ಬಾಗಿಲಲ್ಲೇ ತಡೆದಳು.

"ಮೇಡಮ್ಮಾರ, ಬಿಲ್ಲು ಕಟ್ಟೂ ಕಂಪನಿಯವರು ಔಷಧ ಸಾಕು ಅಂದ್ರೇನ್ರಿ?"

"ಇಲ್ಲಮ್ಮ. ನಾನೇ ನಿಲ್ಲಿಸಿದ್ದು. ಒಳಗಿರೋ ಹುಳ ಯಾವುದು ಅಂತ ಗೊತ್ತಾಗಬೇಕು. ಔಷಧಿ ಕೊಡ್ತಾ ಇದ್ರೆ ಅದು ಅಡಗಿಕೊಂಡಿರುತ್ತೆ, ಹೊರಗೆ ಬರಲ್ಲ."

"ಹೊರಗ ಬಂದು ಕೈ ತಿಂದ್ರ?"

"ಈಗಲೂ ತಿಂತಾನೇ ಇದೆ ಕಣಮ್ಮ. ಯಾರು ತಿಂತಿದ್ದಾರೆ ಅಂತ ನೋಡಬೇಕು, ಅಷ್ಟೇ."

ಮೆತ್ತಗೆ ಮಾತಾಡುವುದು ನನಗೆ ಬರುವುದಿಲ್ಲ. ಬೇಗೂರಿನ ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಅವಳು ಹೋಗಿ ಸ್ಟೂಲಿನ ಮೇಲೆ ಕೂತಳು. ಅಲ್ಲಿಂದ ಮುಂದೆ ನಾನು ವಾರ್ಡಿಗೆ ಹೋದಾಗಲೆಲ್ಲ ಅವಳು ಎದ್ದು ನಿಲ್ಲುತ್ತಿದ್ದಳು.

ಔಷಧಿ ಮೈಯಿಂದ ಇಳಿಯುವಷ್ಟು ದಿನ ಕಾದು ಮೂಳೆ ಡಾಕ್ಟರು ಅವನನ್ನು ಥಿಯೇಟರಿಗೆ ಒಯ್ದರು. ಚೂರನ್ನು ಹಾಕಬೇಕಾದದ್ದು ಶುದ್ಧ ಉಪ್ಪುನೀರಿನ ಬಾಟಲಿಗೆ ಎಂದು ನಾನು ಹಿಂದಿನ ದಿನವೇ ಹೇಳಿ, ಹೆಸರು ಬರೆದ ಬಾಟಲಿಯನ್ನೂ ಕಳಿಸಿಕೊಟ್ಟಿದ್ದೆ. ಮಧ್ಯಾಹ್ನದ ಹೊತ್ತಿಗೆ ನನ್ನ ಟೆಕ್ನಿಷಿಯನ್ ಹುಡುಗಿ ಮಾದರಿ ಹಿಡಿದುಕೊಂಡು ಬಂದಳು. ಮುಚ್ಚಳ ತೆಗೆಯುವ ಮೊದಲೇ ಮೂಗಿಗೆ ಬಡಿಯಿತು. ಫಾರ್ಮಲಿನ್. ಹೆಣ ಕೆಡದಂತೆ ಇಡುವ ಅದೇ ಫಾರ್ಮಲಿನ್.

ಥಿಯೇಟರಿನಲ್ಲಿ ತೆಗೆದ ಮಾಂಸವೆಲ್ಲ ಕ್ಯಾನ್ಸರ್ ಇದೆಯೇ ಎಂದು ನೋಡುವವರಿಗೆ ಹೋಗುತ್ತದೆ. ಅದು ಫಾರ್ಮಲಿನ್ನಿನಲ್ಲೇ ಹೋಗಬೇಕು. ಅಲ್ಲಿಯವರ ಕೈಗೆ ಅದೇ ರೂಢಿ. ನಾನು ಕಳಿಸಿದ ಬಾಟಲಿ ಟ್ರೇಯ ಮೇಲೆ ಹಾಗೇ ಇತ್ತಂತೆ. ಚೂರು ಕೈಗೆ ಬಂದ ತಕ್ಷಣ ಕೈ ತಾನಾಗಿ ಫಾರ್ಮಲಿನ್ ಕಡೆ ಹೋಯಿತಂತೆ. ಅದರಲ್ಲಿ ಬಿದ್ದ ಮೇಲೆ ಯಾವ ರೋಗಾಣುವೂ ಬದುಕುವುದಿಲ್ಲ. ಅಷ್ಟು ದಿನ ಆ ಹುಡುಗನನ್ನು ಔಷಧಿಯಿಲ್ಲದೆ ಮಲಗಿಸಿ, ಕೈ ಬಿಚ್ಚಿ, ಚೂರು ತೆಗೆದು, ನಾವೇ ಅದನ್ನು ಕೊಂದೆವು. ಟೆಕ್ನಿಷಿಯನ್ ಹುಡುಗಿ ಅಳತೊಡಗಿದಳು. ನಾನು ಅವಳಿಗೆ ಬೈದೆ. ಅವಳದೇನೂ ತಪ್ಪಿರಲಿಲ್ಲ, ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ.

ಮೂಳೆ ಡಾಕ್ಟರು ಇನ್ನೊಮ್ಮೆ ಬಿಚ್ಚಲು ಒಪ್ಪಿದರು, ಮುಖ ಗಂಟಿಕ್ಕಿಕೊಂಡೇ. ನಡುವೆ ಕೆಲವು ದಿನ ಹೋದವು, ಅವರ ಆಪರೇಷನ್ ಪಟ್ಟಿ ತುಂಬಿತ್ತು. ಆ ಸಲ ನಾನು ಹಸಿರು ಬಟ್ಟೆ ತೊಟ್ಟು ಥಿಯೇಟರಿನೊಳಗೆ ಬಾಟಲಿ ಹಿಡಿದು ಹಾಲಿಗೆ ಕಾಯುವವಳ ಹಾಗೆ ನಿಂತಿದ್ದೆ. ಸ್ನಾಯುವಿನ ಗುಂಟ ಬೂದಿ ಬಣ್ಣದ ಲೋಳೆ ಮಣಿಕಟ್ಟಿನ ತನಕ ಹತ್ತಿತ್ತು. ಮೂಳೆ ಡಾಕ್ಟರು ಮಾಸ್ಕಿನ ಮೇಲಿಂದ ನನ್ನ ಕಡೆ ನೋಡಿದರು. ಚೂರನ್ನು ನನ್ನ ಬಾಟಲಿಗೆ ಹಾಕಿದರು.

ನಮ್ಮ ಲ್ಯಾಬಿನಲ್ಲಿ ಎರಡು ದಿನ ಏನೂ ಬೆಳೆಯದ ತಟ್ಟೆ ಕಸಕ್ಕೆ ಹೋಗುತ್ತದೆ, 'ಬೆಳವಣಿಗೆ ಇಲ್ಲ' ಎಂದು ವರದಿ ಹೋಗುತ್ತದೆ. ಜಾಗವಿಲ್ಲ, ಹೊಸ ತಟ್ಟೆಗಳು ಕಾಯುತ್ತಿರುತ್ತವೆ. ಈ ತಟ್ಟೆಗಳ ಮೇಲೆ ನಾನು ಕೆಂಪು ಶಾಯಿಯಲ್ಲಿ 'ಮುಟ್ಟಿದರೆ ಕೈ ಮುರಿಯುತ್ತೇನೆ' ಎಂದು ಬರೆದೆ. ಅದಾದ ಮೇಲೆ ಆ ಮಾತು ನನಗೇ ಚುಚ್ಚಿತು, ಆದರೆ ಅಳಿಸಲಿಲ್ಲ. ವಾರ ಮುಗಿಯುವ ಹೊತ್ತಿಗೆ ಬೆಳಿಗ್ಗೆ ತಟ್ಟೆಯನ್ನು ಬೆಳಕಿಗೆ ಹಿಡಿದರೆ ರವೆಗಿಂತ ಸಣ್ಣ ಚುಕ್ಕಿಗಳು. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ನೀಲಿಯ ನಡುವೆ ಕೆಂಪು ಕಡ್ಡಿಗಳು. ದಾಯಾದಿ ಸಿಕ್ಕಿದ್ದ.

ಯಾವ ಔಷಧಿಗೆ ಸಾಯುತ್ತದೆ ಎಂದು ತಿಳಿಯಲು ನಗರದೊಳಗಿನ ದೊಡ್ಡ ಲ್ಯಾಬಿಗೆ ಕಳಿಸಿದೆ. ಉತ್ತರ ಬಂದಾಗ ನಾನು ಕುರ್ಚಿಯಲ್ಲಿ ಕೂತು ಅದನ್ನು ಎರಡು ಸಲ ಓದಿದೆ. ನುಂಗುವ ಮಾತ್ರೆಗಳಿಗೆಲ್ಲ ಅದು ಬಗ್ಗುವುದಿಲ್ಲ. ಇನ್ನೆರಡು ಮೂರಕ್ಕೆ ಅರೆಬರೆ. ಸರಿಯಾಗಿ ಸಾಯುವುದು ಒಂದಕ್ಕೇ: ಅಮಿಕಾಸಿನ್. ಹಳೆಯ ಇಂಜೆಕ್ಷನ್, ತಾಲೂಕು ಆಸ್ಪತ್ರೆಯಲ್ಲೂ ಸಿಗುವಂಥದ್ದು. ನಮ್ಮ ಡಾಕ್ಟರುಗಳಿಗೆ ಅದರ ಹೆಸರು ಹೇಳುವುದಕ್ಕೂ ನಾಚಿಕೆ, ಅಷ್ಟು ಮಾಮೂಲಿ.

ಮತ್ತು ಅಮಿಕಾಸಿನ್ ಮೂತ್ರಪಿಂಡದ ಮೂಲಕವೇ ಹೋಗಬೇಕು. ಸೋತ ಮೂತ್ರಪಿಂಡಕ್ಕೆ ಅದನ್ನು ಕೊಟ್ಟರೆ ಪೂರ್ತಿ ಮುಗಿಸುತ್ತದೆ, ಕಿವಿಯನ್ನೂ ಕೆಡಿಸುತ್ತದೆ. ಈ ಹುಡುಗನ ಮೂತ್ರಪಿಂಡಗಳನ್ನು ನಾವು ಆಗಲೇ ಖರ್ಚು ಮಾಡಿದ್ದೆವು. ಅವನ ಮಂಚದ ಕಂಬಿಯ ಮೇಲೆ ಕೂತಿದ್ದ ಒಂದು ರೋಗಾಣುವಿಗೆ, ಅವನಿಗೆ ಬಾರದೇ ಇದ್ದ ಒಂದು ರೋಗಕ್ಕೆ.

ಅಲ್ಲಿಂದ ಓಟ ಶುರುವಾಯಿತು, ಮೂತ್ರಪಿಂಡಕ್ಕೂ ಕೈಗೂ. ಔಷಧಿಗಳನ್ನು ನಿಲ್ಲಿಸಿದ್ದರಿಂದ ಕ್ರಿಯಾಟಿನಿನ್ ಇಳಿಯುತ್ತಿತ್ತು, ಆದರೆ ಬಾಡಿಗೆ ಮನೆ ಖಾಲಿ ಮಾಡುವವರ ಹಾಗೆ ನಿಧಾನವಾಗಿ. ಅರೆಬರೆ ಕೆಲಸ ಮಾಡುವ ಔಷಧಿಗಳನ್ನು ಶುರು ಮಾಡಿದೆವು. ಹೊಟ್ಟೆ ತೊಳಸಿ ಹುಡುಗ ರೊಟ್ಟಿ ಬಿಟ್ಟ. ಪ್ರತಿದಿನ ಬೆಳಿಗ್ಗೆ ನಾನು ಮೊದಲು ನೋಡುತ್ತಿದ್ದುದು ಅವನ ಕ್ರಿಯಾಟಿನಿನ್. ಆಮೇಲೆ ಮೇಲೆ ಹೋಗಿ ಕೈ ನೋಡುತ್ತಿದ್ದೆ. ಇನ್ನೊಂದೇ ವಾರ ಕೈ ತಡೆದಿದ್ದರೆ ಸಣ್ಣ ಡೋಸಿನಲ್ಲಿ ಅಮಿಕಾಸಿನ್ ಶುರು ಮಾಡಬಹುದಿತ್ತು. ಆ ಒಂದು ವಾರಕ್ಕಾಗಿ ನಾನು ಹರಕೆ ಹೊತ್ತುಕೊಂಡೆ, ಬೇಗೂರಿನ ಈಶ್ವರನಿಗೆ. ನಾನು ಹರಕೆ ಹೊರುವವಳಲ್ಲ.

ಊತ ಮಣಿಕಟ್ಟು ದಾಟಿ ಮುಂಗೈಗೆ ಹತ್ತಿತು. ಒಂದು ಬೆಳಿಗ್ಗೆ ಬೆರಳುಗಳು ತಣ್ಣಗಾಗಿದ್ದವು. ಮೂಳೆ ಡಾಕ್ಟರು ಬಂದು ನೋಡಿ, ಹುಡುಗನ ಹೆಗಲ ಮೇಲೆ ಕೈಯಿಟ್ಟು, "ಇನ್ನು ಕಾಯೋಕಾಗಲ್ಲ ಮಗಾ," ಎಂದರು. ತಾವೇ ಜೋಡಿಸಿದ ಕೈಯನ್ನು ಮಣಿಕಟ್ಟಿಗಿಂತ ಮೇಲೆ ತಾವೇ ಕತ್ತರಿಸಿ ತೆಗೆದರು. ತೆಗೆದ ಕೈ ಫಾರ್ಮಲಿನ್ನಿನಲ್ಲಿ ನೆಲಮಾಳಿಗೆಗೆ ಬಂತು. ಆ ಸಲ ಅದು ಸರಿಯಾದ ಬಾಟಲಿಯೇ.

ಮರುದಿನ ವಾರ್ಡಿಗೆ ಹೋಗಿ ಔಷಧಿ ಹಾಳೆ ತೆಗೆದೆ. ಆಪರೇಷನ್ ನಂತರದ ಆರ್ಡರ್, ಮೊದಲನೆಯ ಸಾಲು: ಮೆರೊಪೆನೆಮ್. ಎರಡನೆಯ ಸಾಲು: ವ್ಯಾಂಕೊಮೈಸಿನ್. ಯಾರೂ ಯೋಚಿಸಿ ಬರೆದದ್ದಲ್ಲ. ಥಿಯೇಟರಿನಿಂದ ಹೊರಬಂದ ಪ್ರತಿಯೊಬ್ಬರಿಗೂ ಬರೆಯುವುದನ್ನೇ ಬರೆದಿದ್ದರು. ಅವನ ಮೈಯೊಳಗೆ ಅವೆರಡಕ್ಕೆ ಸಾಯುವಂಥದ್ದು ಏನೂ ಇರಲಿಲ್ಲ, ಉಳಿದಿದ್ದ ಅಷ್ಟಿಷ್ಟು ಮೂತ್ರಪಿಂಡ ಬಿಟ್ಟರೆ. ನಾನು ಯಾರನ್ನೂ ಕೇಳಲಿಲ್ಲ. ಎರಡನ್ನೂ ಹೊಡೆದುಹಾಕಿ ಸಹಿ ಮಾಡಿದೆ.

ಅರ್ಧ ಗಂಟೆಯಲ್ಲಿ ಮೆಡಿಕಲ್ ಸೂಪರಿಂಟೆಂಡೆಂಟ್ ಕರೆಸಿದರು. ಮೂಳೆ ಡಾಕ್ಟರೂ ಅಲ್ಲೇ ಕೂತಿದ್ದರು, ಕಾಫಿ ಕುಡಿಯುತ್ತಾ.

"ಮೇಡಂ, ನಿಮ್ಮ ಜ್ಞಾನದ ಬಗ್ಗೆ ನಮಗೆ ಗೌರವ ಇದೆ," ಎಂದರು ಸೂಪರಿಂಟೆಂಡೆಂಟ್. ಹೀಗೆ ಶುರುವಾದ ಮಾತು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತು. "ಆದ್ರೆ ಒಂದು ಮಾತು ಕೇಳ್ಬೇಕಿತ್ತು. ಸೀನಿಯರ್ ಬರೆದಿದ್ದನ್ನ ಹೀಗೆ ಹೊಡೆದ್ರೆ ಸಿಸ್ಟರ್‌ಗಳ ಮುಂದೆ ಏನು ಉಳಿಯುತ್ತೆ?"

"ಕಿಡ್ನಿ ಉಳಿಯುತ್ತೆ ಸಾರ್," ಎಂದೆ.

ಮೂಳೆ ಡಾಕ್ಟರು ಲೋಟ ಕೆಳಗಿಟ್ಟರು. ಅವರ ಮುಖದಲ್ಲಿ ನಗು ಇರಲಿಲ್ಲ. "ನಾನು ಉಳಿಸಿದ ಕೈ ಮೇಡಂ ಅದು. ಔಷಧಿ ನಡೀತಿರೋವರೆಗೂ ಕೈ ಇತ್ತು. ನೀವು ನಿಲ್ಲಿಸಿದ್ರಿ, ಹೋಯ್ತು. ಅವನ ಹೆಂಡತಿ ಕೇಳಿದ್ಳು, ನಾನು ಇದ್ದಿದ್ದು ಇದ್ದ ಹಾಗೆ ಹೇಳಿದೆ. ಸುಳ್ಳು ಹೇಳಕ್ಕಾಗುತ್ತಾ?"

ಅವರು ಹೇಳಿದ ಪ್ರತಿಯೊಂದು ಮಾತೂ ನಡೆದದ್ದೇ, ನಡೆದ ಕ್ರಮದಲ್ಲೇ ಇತ್ತು. ಸುಳ್ಳು ಇದ್ದದ್ದು ಮಾತುಗಳ ನಡುವಿನ ಜಾಗದಲ್ಲಿ. ಹೆಚ್ಚಿಗೆ ಮಾತು ಬೆಳೆಸುವುದು ಬೇಡ, ರೋಗಿಯ ಕಡೆಯವರಿಗೆ ಯಾರೂ ಏನೂ ವಿವರಿಸುವುದು ಬೇಡ ಎಂದು ಸೂಪರಿಂಟೆಂಡೆಂಟ್ ಹೇಳಿ, ನನ್ನನ್ನು ಕಳಿಸಿದರು.

ಆ ಮಧ್ಯಾಹ್ನ ಹುಡುಗನ ಹೆಂಡತಿ ನೆಲಮಾಳಿಗೆಗೆ ಬಂದಳು. ನಾನು ಕೆಲಸಕ್ಕೆ ಸೇರಿದಾಗಿನಿಂದ ರೋಗಿಯ ಕಡೆಯವರು ಯಾರೂ ಲ್ಯಾಬಿನ ಬಾಗಿಲಿಗೆ ಬಂದದ್ದಿಲ್ಲ. ಶವಾಗಾರ ಕೇಳಿಕೊಂಡು ಬಂದವರು ತಪ್ಪಿ ಬಂದಿರಬಹುದು. ಅವಳು ತಪ್ಪಿ ಬಂದಿರಲಿಲ್ಲ. ಕೈಯಲ್ಲಿ ಊಟದ ಕ್ಯಾರಿಯರ್ ಇತ್ತು. ಟೆಕ್ನಿಷಿಯನ್ ಹುಡುಗಿ ಎದ್ದು ಸ್ಟೂಲ್ ಕೊಟ್ಟಳು. ಅವಳು ಕೂರಲಿಲ್ಲ.

"ಮತ್ತ ನಿಲ್ಲಿಸಿದ್ರಂತಲ್ರಿ," ಎಂದಳು.

"ಹೌದಮ್ಮ."

"ಸಿಸ್ಟರ್ ಹೇಳಿದ್ರು. ದೊಡ್ಡ ಡಾಕ್ಟ್ರೂ ಹೇಳಿದ್ರು, ಹೋದ ಸಲಾನೂ ನೀವ ನಿಲ್ಲಿಸಿದ್ದು, ಆಮ್ಯಾಲ ಕೈ ಕೆಟ್ಟತು ಅಂತ." ಅವಳ ದನಿ ಏರಲಿಲ್ಲ. "ಒಂದ ಮಾತು ಖರೇ ಹೇಳ್ರಿ. ನೀವು ನಿಲ್ಲಿಸಲಾರದ ಇದ್ದಿದ್ರ ಅವ್ರ ಕೈ ಉಳೀತಿತ್ತೇನ್ರಿ?"

ವಿವರಿಸಬೇಡಿ ಎಂದು ಹೇಳಿಸಿಕೊಂಡು ಬಂದು ಎರಡು ಗಂಟೆಯೂ ಆಗಿರಲಿಲ್ಲ. ಟೆಕ್ನಿಷಿಯನ್ ಹುಡುಗಿ ನನ್ನ ಮುಖ ನೋಡಿದಳು. ಗಂಡನ ಕೈ ಕಳೆದುಕೊಂಡವಳು ಕೆಳಗಿಳಿದು ಬಂದು ಕೇಳುತ್ತಿದ್ದಾಳೆ, ನಾನು ಯಾರ ಮುಖ ಉಳಿಸಲಿ?

"ಇಲ್ಲ," ಎಂದೆ. "ನಾನು ನಿಲ್ಲಿಸದೇ ಇದ್ದಿದ್ರೂ ಹೋಗ್ತಿತ್ತು. ಮುಂಚೆನೇ ನಿಲ್ಲಿಸಿದ್ದಿದ್ರೆ ಉಳೀತಿತ್ತು. ಆ ಔಷಧಿಗಳು ಅವನ ಕಾಯಿಲೆಗೆ ಅಲ್ಲ. ಅವು ಕಿಡ್ನಿ ಕೆಡಿಸಿದ್ವು. ಕಿಡ್ನಿ ಕೆಟ್ಟಿದ್ದಕ್ಕೆ ಬೇಕಾಗಿದ್ದ ಔಷಧಿ ಕೊಡಕ್ಕಾಗ್ಲಿಲ್ಲ."

ಅವಳು ಅದನ್ನು ಮನಸ್ಸಿನಲ್ಲೇ ಒಂದು ಸಲ ಜೋಡಿಸಿಕೊಂಡಳು. ಕ್ಯಾರಿಯರನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು.

"ನಿಮಗ ಇದು ಮೊದಲ ಗೊತ್ತಿತ್ತೇನ್ರಿ, ಆ ಔಷಧ ಇದಕ್ಕಲ್ಲ ಅಂತ?"

"ಗೊತ್ತಿತ್ತು."

"ಹಂಗಾರ ಮೊದಲ ಯಾಕ ನಿಲ್ಲಿಸ್ಲಿಲ್ರಿ?"

ಸುಳ್ಳು ಹೇಳಬಹುದಿತ್ತು. ಪರೀಕ್ಷೆ ತಡವಾಯಿತು ಎನ್ನಬಹುದಿತ್ತು, ಅರ್ಧ ನಿಜವೂ ಆಗಿರುತ್ತಿತ್ತು.

"ನಮ್ಮಲ್ಲಿ ಒಬ್ರು ಬರ್ದಿರೋ ಔಷಧಿನ ಇನ್ನೊಬ್ರು ತೆಗೆಯಲ್ಲ ಕಣಮ್ಮ," ಎಂದೆ. "ಅದೊಂದು ಮರ್ಯಾದೆ."

ಅವಳು ನನ್ನನ್ನು ನೋಡಿದಳು. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ಆ ಮುಖದಲ್ಲಿ ಇದ್ದದ್ದು, ಏನೋ ಸಣ್ಣದನ್ನು ಸರಿಯಾಗಿ ಕೇಳಿ ತಿಳಿದುಕೊಳ್ಳುವವರ ಮುಖದಲ್ಲಿ ಇರುವಂಥದ್ದು.

"ಔಷಧ ತಗಿಯಾಕ ಮರ್ಯಾದಿ ಅಡ್ಡ ಬಂತು," ಎಂದಳು. "ಕೈ ತಗಿಯಾಕ ಬರಲಿಲ್ಲೇನ್ರಿ."

ಗಂಡನಿಗೆ ಊಟ ಮಾಡಿಸುವ ಹೊತ್ತಾಗಿತ್ತು, ಮೆಟ್ಟಿಲು ಹತ್ತಿ ಹೋದಳು.